ಅತ್ತಿಗೆಯ ಬಲಗೈ

ಅಪಘಾತದಲ್ಲಿ ಜೀವ ಉಳಿಸಿಕೊಂಡವರನ್ನು ನೋಡಲು ಹೋದಾಗ ನಾವೆಲ್ಲ ಆಡುವ ಮಾತು ಒಂದೇ: “ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಅಂದುಕೊಳ್ಳಿ.” ಸಮಾಧಾನಕ್ಕೆ ಒಳ್ಳೆಯ ಮಾತೇ. ಆದರೆ ಆ ರುಮಾಲಿನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ? ಪೆಟ್ಟು ತಿಂದವರು ಗಂಡಸಾದರೆ ಸಂಬಳದ ಚೀಟಿ ಇದೆ, ಅಂಗಡಿಯ ಲೆಕ್ಕವಿದೆ. ಮನೆವಾರ್ತೆ ನೋಡಿಕೊಂಡಿರುವ ಹೆಂಗಸಾದರೆ, “ಸದ್ಯ, ಕೆಲಸಕ್ಕೆ ಹೋಗುವವಳಲ್ಲವಲ್ಲ” ಎಂದು ಇನ್ನೊಂದು ಸಮಾಧಾನವೂ ಸೇರಿಕೊಳ್ಳುತ್ತದೆ.

ತುಮಕೂರಿನಲ್ಲಿರುವ ನನ್ನ ಅತ್ತಿಗೆಯ ವಿಷಯದಲ್ಲಿ ಆದದ್ದೂ ಇದೇ. ಅಣ್ಣನ ಸ್ಕೂಟರಿನ ಹಿಂದೆ ಕುಳಿತು ಸಂತೆಯಿಂದ ಬರುತ್ತಿದ್ದಾಗ ಸರಕಿನ ಆಟೋ ಒಂದು ಹಿಂದಿನಿಂದ ಗುದ್ದಿತು. ಅಣ್ಣನಿಗೆ ತರಚು ಗಾಯ. ಅತ್ತಿಗೆಯ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಪರೇಷನ್ ಆಗಿ, ಗಾಯ ಮಾಗಿ, ಆರು ತಿಂಗಳು ಕಳೆದರೂ ಕೈ ತಿರುಗಲಿಲ್ಲ. ಬಟ್ಟೆ ಹಿಂಡಲಾಗದು, ಕುಕ್ಕರ್ ಇಳಿಸಲಾಗದು. ಮುದ್ದೆ ತೊಳಸುವುದಂತೂ ದೂರದ ಮಾತು.

ವಕೀಲರ ಮನೆಗೆ ಅವರಿಬ್ಬರ ಜೊತೆ ನಾನೂ ಹೋಗಿದ್ದೆ. ವಯಸ್ಸಾದ ಹೆಣ್ಣುಮಗಳು ಆಕೆ. ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಜಾಗ ಬಂದಾಗ ಅಣ್ಣ, “ಏನಿಲ್ಲ ಮೇಡಂ, ಮನೇಲೇ ಇರ್ತಾಳೆ” ಎಂದ. ಅತ್ತಿಗೆ ಹೌದೆಂದು ತಲೆಯಾಡಿಸಿದರು. ವಕೀಲರು ಪೆನ್ನು ಕೆಳಗಿಟ್ಟರು.

“ಈಗ ಅಡುಗೆ ಯಾರು ಮಾಡ್ತಿದಾರೆ?”

“ಒಬ್ಬ ಹೆಂಗಸನ್ನ ಇಟ್ಕೊಂಡಿದೀವಿ.”

“ಪುಕ್ಕಟೆ ಮಾಡ್ತಾರಾ?”

ಅಣ್ಣ ಮಾತಾಡಲಿಲ್ಲ.

ಆ ದಿನ ಅವರು ನಮಗೆ ತಿಳಿಸಿಕೊಟ್ಟದ್ದನ್ನು ಪ್ರತಿ ಮನೆಯ ಹೆಂಗಸೂ ಒಮ್ಮೆ ಕೇಳಬೇಕು. ಮೋಟಾರು ಅಪಘಾತದ ಪರಿಹಾರವೆಂದರೆ ಗಾಡಿ ಓಡಿಸಿದವನಿಗೆ ಹಾಕುವ ದಂಡವಲ್ಲ. ಆ ಪೊಲೀಸ್ ಕೇಸು ಬೇರೆ. ಇದು ಪೆಟ್ಟು ತಿಂದವರು ಕಳೆದುಕೊಂಡದ್ದನ್ನು ಹಣದಿಂದ ಆದಷ್ಟು ತುಂಬಿಕೊಡುವ ಪ್ರಯತ್ನ. ಇದರಲ್ಲಿ ಎರಡು ಬಗೆ. ಲೆಕ್ಕಕ್ಕೆ ಸಿಗುವ ನಷ್ಟ ಒಂದು: ಆಸ್ಪತ್ರೆ, ಔಷಧಿ, ಓಡಾಟ, ಪಥ್ಯದ ಊಟ, ನೋಡಿಕೊಳ್ಳುವವರ ಖರ್ಚು, ಮಲಗಿದ್ದ ದಿನಗಳ ಗಳಿಕೆ, ಮುಂದೆ ಕುಂದುವ ಗಳಿಕೆ, ಮುಂದಿನ ಚಿಕಿತ್ಸೆ. ಲೆಕ್ಕಕ್ಕೆ ಸಿಗದ್ದು ಇನ್ನೊಂದು: ಪಟ್ಟ ನೋವು, ಕಳೆದುಹೋದ ಬದುಕಿನ ಸುಖಗಳು, ಮದುವೆಯಾಗದ ಹುಡುಗಿಯಾದರೆ ಮದುವೆಯ ಅವಕಾಶಕ್ಕೆ ಬಿದ್ದ ಪೆಟ್ಟು, ಕುಗ್ಗಿದ ಆಯುಸ್ಸು. ಸುಪ್ರೀಂ ಕೋರ್ಟು 2010ರ ಒಂದು ತೀರ್ಪಿನಲ್ಲಿ ಇವನ್ನು ಹೀಗೆಯೇ ವಿಂಗಡಿಸಿ ಹೇಳಿದೆ. ಬಾಗಿಲಿಗೆ ರಂಗೋಲಿ ಹಾಕಲಾಗದಿರುವುದು, ಮಗಳಿಗೆ ಜಡೆ ಹೆಣೆಯಲಾಗದಿರುವುದು ಕೂಡ ಒಂದು ತಲೆಬರಹದ ಕೆಳಗೆ ಬರುತ್ತದೆಂದು ಕೇಳಿ ಅತ್ತಿಗೆಯ ಕಣ್ಣು ತುಂಬಿತು.

ಗಳಿಕೆಯೇ ಇಲ್ಲದವಳಿಗೆ ಗಳಿಕೆಯ ನಷ್ಟ ಎಲ್ಲಿಂದ ಬಂತು ಎಂದು ನಾನೇ ಕೇಳಿದೆ. ಅವರು ಹೇಳಿದ ಕತೆ ದೊಡ್ಡದು. 1989ರಲ್ಲಿ ಜಮ್‌ಶೆಡ್‌ಪುರದಲ್ಲಿ ಬೆಂಕಿ ಅನಾಹುತವಾಗಿ ಹಲವರು ಸತ್ತರು, ಅವರಲ್ಲಿ ಗೃಹಿಣಿಯರೂ ಇದ್ದರು. 2001ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 34ರಿಂದ 59 ವಯಸ್ಸಿನ ಗೃಹಿಣಿಯರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ‘ಕೆಲಸ ಮಾಡದವರು’ ಎಂದು ಸೇರಿಸಿದ್ದನ್ನು 2010ರಲ್ಲಿ ಅದೇ ಕೋರ್ಟು ಟೀಕಿಸಿತು. 2021ರ ಜನವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಗೃಹಿಣಿಗೂ ಒಂದು ಆದಾಯವನ್ನು ಅಂದಾಜು ಮಾಡಲೇಬೇಕೆಂದು ಹೇಳುವಾಗ 2019ರ ಸರ್ಕಾರಿ ಸಮೀಕ್ಷೆಯೊಂದನ್ನು ನೆನೆಯಿತು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ ಕೊಡುತ್ತಾರೆ. ಆ 97 ನಿಮಿಷ ಯಾವ ಮನೆಯದೋ ನನಗಂತೂ ಕಾಣೆ!

ಇನ್ನು ಲೆಕ್ಕದ ಕ್ರಮ. ಉದಾಹರಣೆಗೆ ತಿಂಗಳ ಆದಾಯ 10,000 ಎಂದು ಹಿಡಿಯೋಣ, ವರ್ಷಕ್ಕೆ 1,20,000. ಕೆಲಸದ ಶಕ್ತಿ ಶೇಕಡಾ 20 ಕುಂದಿದರೆ ವರ್ಷದ ನಷ್ಟ 24,000. 36ರಿಂದ 40 ವಯಸ್ಸಿನವರಿಗೆ ಗುಣಿಸುವ ಸಂಖ್ಯೆ 15. ಅಲ್ಲಿಗೆ 3,60,000 ರೂಪಾಯಿ, ಈ ಒಂದೇ ಬಾಬಿಗೆ. ವೈದ್ಯರು ಕೈಗೆ ಹಾಕುವ ಶೇಕಡಾವಾರೇ ಕೊನೆಯ ಮಾತಲ್ಲ, ಆ ಊನದಿಂದ ಅವರವರ ಕೆಲಸಕ್ಕೆ ಏನಾಯಿತು ಎಂಬುದು ಮುಖ್ಯ. ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು, ಬಡಗಿಯದು ಪೂರ್ತಿ ಹೋದಂತೆಯೇ ಎಂದು 2010ರ ತೀರ್ಪೇ ಹೇಳುತ್ತದೆ. ಹಾಗಿದ್ದ ಮೇಲೆ ಅಡುಗೆಮನೆಯಲ್ಲಿ ಬಲಗೈ ಎಷ್ಟು ದೊಡ್ಡದೆಂದು ಯಾರು ಹೇಳಬೇಕು? ಅದನ್ನು ಬಳಸಿದವಳೇ ಹೇಳಬೇಕು.

ಅತ್ತಿಗೆ ಹೇಳಿದರು. ಸಾಕ್ಷಿಕಟ್ಟೆ ಹತ್ತಿದ ದಿನ ಅವರ ಸೆರಗಿನ ತುದಿ ನಡುಗುತ್ತಿತ್ತು. ವಿಮಾ ಕಂಪನಿಯ ವಕೀಲರು, “ನಿಮಗೆ ಮನೆಯಲ್ಲಿ ಯಾರಾದರೂ ಸಂಬಳ ಕೊಡುತ್ತಿದ್ದರೇನಮ್ಮಾ?” ಎಂದು ಕೇಳಿದರು.

“ಇಲ್ಲ ಸ್ವಾಮಿ. ನಾನು ಮಾಡೋವಾಗ ಯಾರೂ ಕೊಡ್ತಿರ್ಲಿಲ್ಲ. ಈಗ ಅದೇ ಕೆಲಸಕ್ಕೆ ತಿಂಗಳು ತಿಂಗಳು ನಾವು ಕೊಡ್ತಿದೀವಿ.”

ಇಪ್ಪತ್ತು ವರ್ಷಗಳಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಣ್ಣ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಬಾಯಿಮಾತಿನ ಜೊತೆ ಕಾಗದವೂ ಬೇಕು. ಪೊಲೀಸ್ ದೂರಿನ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್‌ಚಾರ್ಜ್ ಚೀಟಿ, ಔಷಧಿ ಅಂಗಡಿಯ ಚಿಕ್ಕ ಬಿಲ್ಲು, ಆಸ್ಪತ್ರೆಗೆ ಹೋದ ಬಾಡಿಗೆ ಗಾಡಿಯ ರಸೀದಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಕೆಲಸದವರಿಗೆ ಕೊಟ್ಟ ಹಣವನ್ನು ತಾರೀಖು ಹಾಕಿ ಬರೆದು ಸಹಿ ಮಾಡಿಸಿ. ತಡ ಮಾಡಬೇಡಿ, 2019ರ ತಿದ್ದುಪಡಿ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಅರ್ಜಿಗೆ ಆರು ತಿಂಗಳ ಗಡುವನ್ನು ತಂದಿತು. ದೂರದೂರಿನಲ್ಲಿ ಅಪಘಾತವಾದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಉದ್ಯೋಗದ ಜಾಗದಲ್ಲಿ ‘ಇಲ್ಲ’ ಎಂದು ಮಾತ್ರ ಬರೆಸಬೇಡಿ.

ಹಣ ಬಂತು. ಕೇಳಿದಷ್ಟಲ್ಲ, ಆದರೆ ಆಪರೇಷನ್ನಿಗಾಗಿ ಅಡವಿಟ್ಟ ಬಳೆ ಬಿಡಿಸಿಕೊಳ್ಳುವಷ್ಟು, ಉಳಿದದ್ದನ್ನು ಅತ್ತಿಗೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವಷ್ಟು. ಕೈ ಮಾತ್ರ ಮೊದಲಿನಂತಾಗಲಿಲ್ಲ. ಅಡುಗೆಯವಳು ಬಾರದ ದಿನ ಮುದ್ದೆ ತೊಳಸುವುದು ಅಣ್ಣನ ಪಾಲಿಗೆ ಬಂದಿದೆ. ಗಂಟುಗಳು ಉಳಿಯುತ್ತವೆ. ಮಕ್ಕಳು ಮುಖ ನೋಡಿಕೊಳ್ಳುತ್ತಾರೆ, ಅತ್ತಿಗೆ ಇನ್ನೊಂದು ಸೌಟು ಸಾರು ಬಡಿಸುತ್ತಾರೆ, ಎಡಗೈಯಲ್ಲಿ.