ಗುಂಡ್ಲುಪೇಟೆಯಲ್ಲಿ ಒಂದು ದಿನದ ತಂಗು

ಊಟಿಗೆ, ಕೇರಳಕ್ಕೆ ಹೋಗುವವರಿಗೆ ಗುಂಡ್ಲುಪೇಟೆ ಎಂದರೆ ಕಾಫಿಗಾಗಿ ಬಸ್ಸು ನಿಲ್ಲುವ ಊರು. ನಡೆದು ಬಂದವರಿಗೆ ಅದು ಕಾಣುವ ಬಗೆಯೇ ಬೇರೆ.

ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದ ಅಪ್ಪ-ಮಗ ಇಲ್ಲಿ ಒಂದು ದಿನ ತಂಗಬೇಕಾಯಿತು. ಅಪ್ಪನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಗುಳ್ಳೆಯೊಳಗಿನ ನೀರು ಕೆಳಗಿನ ಎಳೆಯ ಚರ್ಮಕ್ಕೆ ಮೆತ್ತೆಯಿದ್ದಂತೆ; ಒಡೆಯದೆ ಬಿಟ್ಟರೆ ಸಾಮಾನ್ಯವಾಗಿ ತಾನೇ ಮಾಯುತ್ತದೆ.

"ಬಸ್ಸಲ್ಲಿ ವಾಪಸ್ ಹೋಗ್ಬುಡವ ಕನಪ್ಪ" ಎಂದ ಮಗ.

"ಹರಕೆ ನಂದು, ಕಾಲೂ ನಂದೆ" ಎಂದರು ಅಪ್ಪ.

ಬಿಸಿಲು ಇಳಿದ ಮೇಲೆ ಮೆಲ್ಲಗೆ ಊರು ನೋಡಹೊರಟರು. ಹಿಂದೆ ವಿಜಯಪುರ ಎನಿಸಿಕೊಂಡಿದ್ದ ಊರಿದು. ಇಲ್ಲಿನ ವಿಜಯನಾರಾಯಣನ ಮೂರ್ತಿಯನ್ನು ಹೊಯ್ಸಳ ವಿಷ್ಣುವರ್ಧನ ಸ್ಥಾಪಿಸಿದನೆಂದು ಪ್ರತೀತಿ. ಇನ್ನೊಂದು ಪರವಾಸುದೇವ ದೇವಾಲಯ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು, ಇದೇ ಊರಿನಲ್ಲಿ ತೀರಿಕೊಂಡ ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಬಹುಕಾಲ ಅದು ಪಾಳುಬಿದ್ದಿತ್ತು.

ಅಪ್ಪ ಕಲ್ಲಿನ ಮೇಲೆ ಕುಳಿತು ಕಾಲು ಚಾಚಿದರು. "ಅಪ್ಪಂಗೆ ಅಂತ ಮಗ ಕಟ್ಸುದ್ದಂತೆ" ಎಂದ ಹುಡುಗ.

"ನಂಗೆ ಅಷ್ಟೊಂದು ಬ್ಯಾಡ. ನಾಳೆ ಚೀಲ ಹೊತ್ಕ, ಸಾಕು" ಎಂದು ಅಪ್ಪ ನಕ್ಕರು.

ಮುಂದಿನ ದೊಡ್ಡ ಊರು ಚಾಮರಾಜನಗರ, ಸುಮಾರು 35 ಕಿಲೋಮೀಟರು. ಅದೂ ಮಗನೊಬ್ಬ ತಂದೆಗೆ ಸಲ್ಲಿಸಿದ ಕಾಣಿಕೆಯೇ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲಿಯೇ ಹುಟ್ಟಿದ್ದ ತಂದೆ ಚಾಮರಾಜರ ಹೆಸರಿಟ್ಟರು.

ಮರುದಿನ ಬೆಳಕು ಹರಿಯುವ ಮುನ್ನವೇ ಇಬ್ಬರೂ ತೆರಕಣಾಂಬಿಯ ದಾರಿ ಹಿಡಿದರು. ಎರಡು ಚೀಲಗಳೂ ಮಗನ ಹೆಗಲ ಮೇಲಿದ್ದವು.