ನೂರು ಗ್ರಾಂ ತೂಕ, ಹನ್ನೆರಡು ಕಿಲೋ ಗುದ್ದು

ನೂರು ಗ್ರಾಂ. ಟೈರಿನ ಒಂದು ಮಗ್ಗುಲಲ್ಲಿ ರಬ್ಬರು ಅಷ್ಟು ಹೆಚ್ಚು ಕೂತಿದೆ, ಅಷ್ಟೇ. ಜಿಪ್ಸಿಗೆ ಏರಿಸಿದ 31 ಇಂಚಿನ ಮಡ್ ಟೈರು ಗಂಟೆಗೆ 80 ಕಿಲೋಮೀಟರ್ ಮುಟ್ಟಿತೆಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಆಗ ಆ ನೂರು ಗ್ರಾಂ ಹನ್ನೆರಡು ಕಿಲೋ ಬಲದಿಂದ ಗುದ್ದುತ್ತದೆ. ಸೆಕೆಂಡಿಗೆ ಒಂಬತ್ತು ಸಲ.

ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಮುಂದಿನ ಗಟ್ಟಿ ಆಕ್ಸಲ್ ಎಡಕ್ಕೂ ಬಲಕ್ಕೂ ಒದೆಯುತ್ತದೆ. ಡೆತ್ ವಾಬಲ್ ಎಂದು ಆಫ್‌ರೋಡ್ ಬಳಗ ಸುಮ್ಮನೆ ಹೆಸರಿಟ್ಟಿಲ್ಲ. ವೇಗ 40ಕ್ಕೆ ಇಳಿದರೆ ಗುದ್ದು ಕಾಲು ಭಾಗಕ್ಕೆ ಇಳಿಯುತ್ತದೆ. ಇಳಿಸಬೇಕು. ಆದರೆ ಬೆನ್ನಿಗೆ ಲಾರಿ ಅಂಟಿಕೊಂಡಿದೆ, ಹಾರ್ನ್ ಹೊಡೆಯುತ್ತಿದೆ.

ಬದುಕಿದೆವು. ಎಳೆದಾಡಿಕೊಂಡು ಟೈರು ಅಂಗಡಿ ಸೇರಿದೆವು. ಯಂತ್ರ ತಿರುಗಿತು, ಮಿನುಗಿತು, 200 ಗ್ರಾಂ ಸೀಸ ಕೇಳಿತು. ತಪ್ಪು ಯಂತ್ರದ್ದಲ್ಲ. ಹೆಚ್ಚುವರಿ ತೂಕ ಇರುವುದು ಟೈರಿನ ಹೊರ ಅಂಚಿನಲ್ಲಿ. ಸೀಸ ಕೂರುವುದು 15 ಇಂಚಿನ ಡಿಸ್ಕಿನ ಅಂಚಿನಲ್ಲಿ, ಅರ್ಧ ದೂರದಲ್ಲಿ. ದೂರ ಅರ್ಧವಾದರೆ ತೂಕ ಎರಡರಷ್ಟು ಬೇಕು. ಟೈರು ದೊಡ್ಡದಾಗಿ ಡಿಸ್ಕ್ ಚಿಕ್ಕದಾಗಿಯೇ ಉಳಿದಷ್ಟೂ ಸೀಸದ ಹಸಿವು ಏರುತ್ತಲೇ ಹೋಗುತ್ತದೆ. ಹುಡುಗ ತಲೆಯಾಡಿಸಿದ: 'ಇಷ್ಟು ಹೊಡೆಯೋಕಾಗಲ್ಲ ಸಾರ್.' ಇನ್ನು ಉಳಿದಿದ್ದು ನಮ್ಮ ಕೈ, ನಮ್ಮ ಪಾನಾ. ಮತ್ತೆ ಬೆಂಗಳೂರಿನ ಶಿವಾಜಿನಗರ.

ರಸೆಲ್ ಮಾರುಕಟ್ಟೆ. 1927ರ ಕಟ್ಟಡ, 2012ರ ಬೆಂಕಿಯನ್ನೂ ದಾಟಿ ನಿಂತ ಗಟ್ಟಿ ಜೀವ. ಮುಂದೆ ಹಣ್ಣು, ಹೂವು, ಮೀನು. ಅದನ್ನು ಬಳಸಿ ಶಿವಾಜಿನಗರದ ಗುಜರಿ ಗಲ್ಲಿಗಳಿಗೆ ನುಗ್ಗಿ: ಗೇರ್‌ಬಾಕ್ಸ್, ಲೀಫ್ ಪಟ್ಟಿ, ಡಿಫರೆನ್ಷಿಯಲ್, ಬಾಗಿಲು. ದಖನಿ, ತಮಿಳು, ಕನ್ನಡ ಒಂದೇ ಉಸಿರಲ್ಲಿ ಚೌಕಾಸಿ. ಚಕ್ರವನ್ನು ನಾವೇ ತೂಗಿ ನೋಡುವ ಸ್ಟ್ಯಾಂಡಿಗೆಂದು ಹುಡುಕುತ್ತಿದ್ದದ್ದು ಒಂದೇ: ಜಿಪ್ಸಿಯ ಮುಂದಿನ ಹಬ್, ಅದರ ಟೊಳ್ಳು ಸ್ಪಿಂಡಲ್ ಸಮೇತ. ಐದು ಸ್ಟಡ್, 139.7 ಮಿಲಿಮೀಟರ್ ವೃತ್ತ. ಹಳೇ ವಿಲ್ಲೀಸ್ ಜೀಪಿನದೂ ಇದೇ ವೃತ್ತ, ಆದರೆ ಸ್ಟಡ್ ದಪ್ಪ ಬೇರೆ. ಅಳೆಯದೆ ದುಡ್ಡು ಕೊಡಬೇಡಿ, ಬಿಲ್ ಇಲ್ಲದೆ ಮಾಲು ಎತ್ತಬೇಡಿ. ಗುಡ್ಡೆ ಅಗೆದೆವು. ಎಳೆದೆವು. ಸಿಕ್ಕಿತು. ತಿರುಗಿಸಿದರೆ, ಅಲುಗಾಡಲೇ ಇಲ್ಲ.

ಒಳಗೆ ಗ್ರೀಸು ಗಟ್ಟಿಯಾಗಿತ್ತು. ಬಿಚ್ಚಿದೆವು. ಟೇಪರ್ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ತಿಕ್ಕಿದೆವು. ಆಯಿಲ್ ಸೀಲ್ ಕಿತ್ತೆಸೆದೆವು, ಅದು ಹಿಡಿದುಕೊಳ್ಳುತ್ತದೆ. ಗ್ರೀಸಿನ ಬದಲು ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ. ನಟ್ಟು ಬಿಗಿಯದೆ, ಆಟ ಹೋಗುವಷ್ಟೇ ತಿರುಗಿಸಿದೆವು. ಸ್ಪಿಂಡಲ್ಲಿನ ಚಪ್ಪಟೆ ಮುಖವನ್ನು ದಪ್ಪ ತಗಡಿಗೆ ಬೋಲ್ಟ್ ಹಾಕಿ, ತಗಡನ್ನು ಕಬ್ಬಿಣದ ಕಂಬಕ್ಕೆ ವೆಲ್ಡ್ ಹೊಡೆಸಿದೆವು. 30 ಕಿಲೋ ಆಸುಪಾಸಿನ ಚಕ್ರ ಎತ್ತಿ ಸಿಕ್ಕಿಸಿದೆವು. ಅದು ನಿಧಾನಕ್ಕೆ ಹೊರಳಿತು. ತೂಗಿತು. ಹಿಂದಕ್ಕೆ ಬಂತು. ನಿಂತಿತು.

ಕೆಳಗೆ ನಿಂತ ಜಾಗವೇ ಭಾರದ ಜಾಗ. ಚಾಕ್‌ಪೀಸಿನಿಂದ ಗೀಟು ಎಳೆದು ಮತ್ತೆ ತಿರುಗಿಸಿದೆವು. ಅದೇ ಗೀಟು ಕೆಳಗೆ. ಆದರೆ ಇದನ್ನು ನಂಬುವ ಮೊದಲು ಸ್ಟ್ಯಾಂಡಿಗೊಂದು ಅಗ್ನಿಪರೀಕ್ಷೆ ಬೇಕು: ಸಮವಾಗಿ ನಿಂತ ಚಕ್ರದ ಮೂರು ಗಂಟೆಯ ಜಾಗಕ್ಕೆ 20 ಗ್ರಾಂ ಹಚ್ಚಿದರೆ ಚಕ್ರ ಇಳಿಯಬೇಕು. ಇಳಿಯದಿದ್ದರೆ ಬೇರಿಂಗ್ ಇನ್ನೂ ಹಿಡಿಯುತ್ತಿದೆ, ಲೆಕ್ಕವೆಲ್ಲ ಸುಳ್ಳು. ನಮ್ಮದು ಇಳಿಯಲಿಲ್ಲ. ಮತ್ತೆ ಬಿಚ್ಚು, ಮತ್ತೆ ಸೀಮೆಎಣ್ಣೆ. ಈಗ ಇಳಿಯಿತು!

ತೂಕ ಹುಡುಕಲು ಸೀಸ ಅಂಟಿಸಿ ಕೀಳುತ್ತ ಕೂರುವುದಕ್ಕಾಗುವುದಿಲ್ಲ. ಗುಜರಿಯ ಒಡೆದ ಸ್ಪೀಕರುಗಳಿಂದ ಅಯಸ್ಕಾಂತ ಕಿತ್ತೆವು. ಉಕ್ಕಿನ ಡಿಸ್ಕಿಗೆ ಟಪ್ಪನೆ ಕೂರುತ್ತವೆ, ಟಪ್ಪನೆ ಬರುತ್ತವೆ. ಗೀಟಿನ ಎದುರು ಒಂದು. ಸಾಲದು. ಇನ್ನೊಂದು. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವವರೆಗೆ ಸರಿಸಿದೆವು. ಆ ಅಯಸ್ಕಾಂತಗಳನ್ನು ಮಾರುಕಟ್ಟೆಯ ಒಣಹಣ್ಣಿನ ಅಂಗಡಿಯ ತಕ್ಕಡಿಗಿಟ್ಟು ತೂಗಿಸಿದೆವು. ಅಷ್ಟೇ ತೂಕದ ಸೀಸ ಕತ್ತರಿಸಿದೆವು.

ಎಲ್ಲವನ್ನೂ ಒಂದೇ ಬದಿಗೆ ಹೊಡೆದರೆ ಕೆಟ್ಟಿರಿ. ಟೈರಿನ ಅಗಲ ಹತ್ತೂವರೆ ಇಂಚು. ಮೇಲೆಕೆಳಗಿನ ಕುಣಿತ ನಿಂತು ಅಡ್ಡಡ್ಡ ತೊನೆದಾಟ ಶುರುವಾಗುತ್ತದೆ. ಅರ್ಧ ಒಳಗೆ, ಅರ್ಧ ಹೊರಗೆ. ತಿನ್ನರಿನಲ್ಲಿ ಒರೆಸಿದೆವು, ಅಂಟಿಸಿದೆವು, ಮೇಲೆ ಅಲ್ಯೂಮಿನಿಯಂ ಟೇಪ್ ಒತ್ತಿದೆವು. ಗಾಡಿಗೆ ಚಕ್ರ ಏರಿಸಿ ಕೈಯಿಂದ ಸುತ್ತಿಸಿದೆವು. ಕರ್‌ರ್! ಒಳಗಿನ ಸೀಸ ಬ್ರೇಕ್ ಕ್ಯಾಲಿಪರಿಗೆ ಉಜ್ಜುತ್ತಿತ್ತು. ರಸ್ತೆಗಿಳಿದಿದ್ದರೆ ಮೊದಲ ಕಿಲೋಮೀಟರಿನಲ್ಲೇ ಕಿತ್ತು ಹಾರುತ್ತಿತ್ತು. ಎರಡು ಬೆರಳು ಆಚೆ ಸರಿಸಿದೆವು.

ಇನ್ನೊಂದು ದಾರಿಯೂ ಇದೆ, ಅದರ ಹಿಂದೆ ಬಿದ್ದವರು ಪ್ರಪಂಚದ ತುಂಬ ಇದ್ದಾರೆ: ಆಟಿಕೆ ಬಂದೂಕಿನ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡುಗಳನ್ನು ಟೈರಿನೊಳಗೆ ಸುರಿಯುವುದು. 0.12 ಗ್ರಾಮಿನ ಗುಂಡಾದರೆ 240 ಗ್ರಾಮಿಗೆ ಎರಡು ಸಾವಿರ. ವಾಲ್ವಿನಲ್ಲಿ ತೂರುವುದಿಲ್ಲ, ಬೀಡ್ ಬಿಡಿಸಿಯೇ ಹಾಕಬೇಕು. ಕಂಪ್ರೆಸರಿನ ಗಾಳಿಯಲ್ಲಿ ನೀರಿದ್ದರೆ ಮುದ್ದೆಗಟ್ಟುತ್ತವೆ. ಚಕ್ರ ತನ್ನ ಸಹಜ ಕುಪ್ಪಳಿಕೆಯ ಲಯಕ್ಕಿಂತ ವೇಗವಾಗಿ ತಿರುಗಿದಾಗ ಗುಂಡುಗಳು ತಾವಾಗಿ ಭಾರದ ಎದುರು ಬದಿಗೆ ಓಡುತ್ತವೆ. ಅದ್ಭುತ! ಆದರೆ ಆ ವೇಗ ಬರುವವರೆಗೆ? ಭಾರದ ಬದಿಗೇ ಸೇರಿ ಗುದ್ದನ್ನು ಹೆಚ್ಚಿಸುತ್ತವೆ. ದೊಡ್ಡ ಟೈರು ನಿಧಾನಕ್ಕೆ ತಿರುಗುತ್ತದೆ. ನಮ್ಮ ಹೆದ್ದಾರಿಯ ವೇಗದಲ್ಲಿ ಆ ಗಡಿ ದಾಟುತ್ತದೆಂಬ ಭರವಸೆಯಿಲ್ಲ. ನನ್ನ ಮತ ಸೀಸಕ್ಕೇ. ಹಬ್ಬಿನ ಮೇಲೆ ನಿಂತ ಚಕ್ರಕ್ಕೆ ಭೂಮಿಯ ಸೆಳೆತವೇ ತಕ್ಕಡಿ, ಅದು ಯಾವ ವೇಗಕ್ಕೂ ಕಾಯುವುದಿಲ್ಲ.

ನೆಲಮಂಗಲ ದಾಟಿದೆವು. 60. ಶಾಂತ. ಕುಣಿಗಲ್ ಕಡೆ 70. ಹಿಂದೆ ಕೈ ಕಿತ್ತಿದ್ದು ಇಲ್ಲೇ. ಬೆರಳು ಸಡಿಲಿಸಿದೆವು. 80. ಸ್ಟೀರಿಂಗ್ ನಡುಗಲಿಲ್ಲ. ಹಾಸನ, ಸಕಲೇಶಪುರ. ಕಾಫಿ ತೋಟದ ದಾರಿಗೆ ಇಳಿದೆವು, ಫೋರ್ ಲೋ ಹಾಕಿದೆವು, ಬಂಪರಿನವರೆಗೆ ಕೆಸರಿನಲ್ಲಿ ಹೂತು, ಎಳೆಸಿಕೊಂಡು, ಎದ್ದು ಬಂದೆವು. ಟಾರು ರಸ್ತೆ ಹತ್ತಿ 60 ಮುಟ್ಟಿದೆವೋ ಇಲ್ಲವೋ, ದಡದಡ ಮತ್ತೆ ಶುರು!

ಪಕ್ಕಕ್ಕೆಳೆದು ನಿಲ್ಲಿಸಿದೆವು. ಮಳೆಯಲ್ಲೇ ಕೆಳಗೆ ತೂರಿದೆವು. ಡಿಸ್ಕಿನ ಒಳಬಾಯಿಯಲ್ಲಿ ಕೆಂಪು ಮಣ್ಣು ಮೆತ್ತಿ ಗಟ್ಟಿಯಾಗಿತ್ತು, ಒಂದೇ ಮಗ್ಗುಲಿಗೆ. ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆವು. ಹೆಂಟೆಹೆಂಟೆಯಾಗಿ ಕಳಚಿ ಬಿತ್ತು. ಅಡಿಯಲ್ಲಿ ಟೇಪ್, ಟೇಪಿನಡಿ ಸೀಸ, ಒಂದು ತುಂಡೂ ಜರುಗಿರಲಿಲ್ಲ. ಉಳಿದ ಮೂರು ಚಕ್ರಗಳನ್ನೂ ಕೆರೆದೆವು, ನಟ್ಟುಗಳಿಗೆ ಪಾನಾ ಕೊಟ್ಟೆವು, ಬಿಸಿಲೆಯ ಕಡೆಗೆ ಗೇರ್ ಹಾಕಿದೆವು.