ಒಂದು, ಎರಡು, ನಾಲ್ಕು, ಎಂಟು

ಪಾಠ ಹೇಳುವವರಿಗೂ ಪಾಠ ಕಲಿಯುವ ಸಂದರ್ಭಗಳು ಬರುತ್ತವೆ. ಹೋದ ಮಳೆಗಾಲದಲ್ಲಿ ನಮಗೆ ಹಾಗಾಯಿತು.

ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸಿಕ್ಕಿದರು. "ಮಾಸ್ಟ್ರೇ, ಮಗ ನಿಮಗೆ ಇ-ಮೇಲ್ ಬರೆದಿದ್ದನಂತೆ. ಉತ್ತರ ಬರಲಿಲ್ಲವೆಂದು ಅವನಿಗೆ ಬೇಸರ" ಎಂದರು. ಅಂಥ ಕಾಗದ ಬಂದೇ ಇಲ್ಲವೆಂದು ಹೇಳಿಬಿಟ್ಟೆವು. ಸುಳ್ಳಾಡುವ ಉದ್ದೇಶವಿರಲಿಲ್ಲ, ನೆನಪೇ ಇರಲಿಲ್ಲ.

ಶಾಲೆಗೆ ಬಂದು ಹುಡುಕಿದರೆ ಸಿಗಲಿಲ್ಲ. ನಮ್ಮ ಕಂಪ್ಯೂಟರ್ ಅಧ್ಯಾಪಕರು ಥಂಡರ್‌ಬರ್ಡ್ ಎಂಬ ತಂತ್ರಾಂಶದ ಅಂಚೆ ಕಡತವನ್ನೇ ತೆರೆದು ನೋಡಿದರು. ಕಾಗದ ಅಲ್ಲೇ ಇತ್ತು! ಅದರ ತಲೆಯಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್: 0009' ಎಂಬ ಸಾಲು.

ಅವರು ವಿವರಿಸಿದರು. ಪ್ರತಿ ಕಾಗದಕ್ಕೂ ವಿದ್ಯುದ್ದೀಪದ ಸ್ವಿಚ್ಚುಗಳಂತೆ ಕೆಲವು ಗುರುತುಗಳಿವೆ. ಓದಿದರೆ 1, ಉತ್ತರಿಸಿದರೆ 2, ನಕ್ಷತ್ರ ಹಾಕಿದರೆ 4, ಅಳಿಸಿದರೆ 8. ಹಾಕಿರುವ ಗುರುತುಗಳನ್ನು ಕೂಡಿಸಿ ಒಂದೇ ಸಂಖ್ಯೆಯಾಗಿ ಬರೆದಿಡುತ್ತದೆ. ಪ್ರತಿಯೊಂದೂ ಹಿಂದಿನದರ ಇಮ್ಮಡಿಯಾದ್ದರಿಂದ ಯಾವ ಮೊತ್ತವೂ ಎರಡು ರೀತಿಯಲ್ಲಿ ಬರುವುದಿಲ್ಲ. ಮಕ್ಕಳೇ, ನೀವೇ ಕೂಡಿಸಿ ನೋಡಿ. 9 ಎಂದರೆ 8 ಮತ್ತು 1 ಮಾತ್ರ. ಅಂದರೆ ನಾವು ಕಾಗದವನ್ನು ಓದಿದ್ದೆವು, ಅಳಿಸಿದ್ದೆವು. ನಡುವಿನ 2 ಇರಲಿಲ್ಲ.

ಅಳಿಸಿದ ಕಾಗದ ಕೂಡಲೇ ನಾಶವಾಗುವುದಿಲ್ಲ. ಕಡತವನ್ನು ಒತ್ತಟ್ಟು ಮಾಡುವವರೆಗೆ ಗುರುತು ಹೊತ್ತು ಮರೆಯಲ್ಲಿರುತ್ತದೆ. ಅಧ್ಯಾಪಕರು 9ನ್ನು ತಿದ್ದಿ 1 ಮಾಡಿ, ಪಟ್ಟಿಯನ್ನು ಹೊಸದಾಗಿ ಕಟ್ಟಿಸಿದರು. ಕಾಗದ ಮರಳಿ ಬಂತು.

"ಮನೆಯಲ್ಲಿ ಕಷ್ಟ. ಓದು ಬಿಟ್ಟು ಕೆಲಸಕ್ಕೆ ಸೇರಲೇ ಸರ್?" ಎಂದು ಕೇಳಿದ್ದ. ಬರೆದು 3 ತಿಂಗಳಾಗಿತ್ತು. ಅವನು ಆಗಲೇ ಕೆಲಸಕ್ಕೆ ಸೇರಿಯಾಗಿತ್ತು.

ಆ ರಾತ್ರಿಯೇ ಕ್ಷಮೆ ಕೇಳಿ ಬರೆದೆವು. ಕೆಲಸದೊಡನೆ ಅಂಚೆ ಶಿಕ್ಷಣದಲ್ಲಿ ಓದು ಮುಂದುವರಿಸುವ ದಾರಿಯನ್ನೂ ತಿಳಿಸಿದೆವು. ಮರುದಿನ ಕಡತದಲ್ಲಿ 0003 ಎಂದಿತ್ತು. ಆ ತಾಯಿಯ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಚಹಾ ಕೊಟ್ಟು, "ಇರಲಿ ಮಾಸ್ಟ್ರೇ, ಈಗಲಾದರೂ ಬರೆದಿರಲ್ಲ" ಎಂದರು.

ಕನ್ನಡವನ್ನೂ ಮಲಯಾಳವನ್ನೂ ಓದಿ ಬೆಳೆದ ನಮಗೆ ಎರಡು ಲಿಪಿಗಳಲ್ಲಿಯೂ ಓದಲು ಬರುತ್ತದೆ. ಆದರೆ ಓದಿದ ಮಾತ್ರಕ್ಕೆ ಉತ್ತರಿಸಿದಂತಾಗದೆಂದು ಕಲಿಸಿದ್ದು ಒಂದು ಅಂಕೆ. ಮಕ್ಕಳೇ, ನಿಮ್ಮ ಕಾಗದ ಬಂದು, ನಮ್ಮ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ, ಸಂಕೋಚಪಡಬೇಡಿ.